ಈಜು, ಸೈಕಲ್ಲು, ಓಟ ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಬೇಕಾದಷ್ಟು ಜನ ಇರುವಾಗ ನಾನೂ ಸೇರಿಕೊಂಡು ಗದ್ದಲ ಹೆಚ್ಚಿಸುವುದು ಯಾಕೆ? ಅದೂ ಅಲ್ಲದೆ ಅವರು ನನ್ನ ಸ್ವಂತ ಅಕ್ಕನ ಗಂಡ. ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ದನದ ಡಾಕ್ಟರೆಂದು ಒಳ್ಳೆಯ ಹೆಸರು ಮಾಡಿದವರು. ಎತ್ತು, ಎಮ್ಮೆ, ಆಡುಗಳಲ್ಲಿ ಯಾವುದೂ ಇಲ್ಲಿಯತನಕ ಅವರ ಬಗ್ಗೆ ದೂರು ಹೇಳಿಲ್ಲ. ದೂರೆಲ್ಲ ಮನುಷ್ಯರದ್ದೇ.

ಕೆಲವು ವರ್ಷಗಳ ಹಿಂದೆ ಅವರೂ ನಮ್ಮ ನಿಮ್ಮಂತೆ ಇದ್ದರು. ಊಟವಾದ ಮೇಲೆ ಒಂದು ನಿದ್ದೆ, ನಿದ್ದೆಯಾದ ಮೇಲೆ ಒಂದು ಚಹ, ಅಂಗಿಯ ಗುಂಡಿಗಳನ್ನು ಸದಾ ಸಂಕಟದಲ್ಲಿಟ್ಟ ಒಂದು ಹೊಟ್ಟೆ. ಆಮೇಲೊಂದು ದಿನ ಅಂದೋಲಾ ಹಳ್ಳಿಯ ದನದ ಕೊಟ್ಟಿಗೆಯೊಂದರಲ್ಲಿ, ಈಯಲೋ ಬೇಡವೋ ಎಂದು ನಿರ್ಧರಿಸಲಾರದೆ ನಿಂತಿದ್ದ ಎಮ್ಮೆಯೊಂದನ್ನು ಕಾಯುತ್ತ ಅವರು ಮೊಬೈಲು ತೆರೆದರು. ಅದರಲ್ಲಿ ಕೆಲವರು ಸಮುದ್ರದಿಂದ ಎದ್ದು ಬಂದು, ಒದ್ದೆ ಮೈಯಲ್ಲೇ ಸೈಕಲ್ಲು ಹತ್ತಿ ಊರೂರು ಸುತ್ತಿ, ಆಮೇಲೆ ಸೈಕಲ್ಲನ್ನೂ ಬಿಸಾಕಿ ಓಡಿ ಓಡಿ, ಕೊನೆಗೆ ನೆಲಕ್ಕೆ ಬಿದ್ದು ಅಳುತ್ತಿದ್ದರಂತೆ. ಬೇರೆ ಯಾರೇ ಆಗಿದ್ದರೂ ತಾವು ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿದ್ದೇವಲ್ಲ ಎಂದು ದೇವರಿಗೆ ಕೈಮುಗಿಯುತ್ತಿದ್ದರು. ನಮ್ಮ ಭಾವನಿಗೆ ಮಾತ್ರ ತಾವೂ ಹಾಗೆ ಬಿದ್ದು ಅಳಬೇಕು ಎನ್ನಿಸಿತು!

ಈ ಸುದ್ದಿಯನ್ನು ಅವರು ಆಳಂದದ ನಮ್ಮ ತವರುಮನೆಯಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ ಹೊರಗೆಡವಿದರು. ಇದೊಂದು ಸ್ಪರ್ಧೆ, ಇದಕ್ಕೆ ಟ್ರಯಥ್ಲಾನ್ ಅಂತಾರೆ, ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ದಿನ ಬಿಡುವಿಲ್ಲದೆ ಮುಗಿಸಬೇಕು ಎಂದು ವಿವರಿಸಿದರು. ಅವ್ವ ಅದನ್ನು ತ್ರಯೋದಶಿಯಂಥ ಏನೋ ವ್ರತವೆಂದು ತಿಳಿದು, ಆ ದಿನ ಉಳ್ಳಾಗಡ್ಡಿ ತಿಂದರೆ ನಡೆಯುತ್ತದೆಯೇ ಎಂದು ಕೇಳಿದಳು. ಅಪ್ಪ ಜೀವನವಿಡೀ ತೊಗರಿ ವ್ಯಾಪಾರ ಮಾಡಿದವನು, ಯಾವ ಮಾತನ್ನೂ ಜರಡಿ ಹಿಡಿಯದೆ ಒಳಗೆ ಬಿಟ್ಟುಕೊಳ್ಳುವವನಲ್ಲ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಅಳಿಯಂದ್ರ, ಇಷ್ಟೆಲ್ಲಾ ಮಾಡಿ ಕಡೀಕ ಎಲ್ಲಿಗೆ ಮುಟ್ಟತೀರಿ?"

"ಹೊಂಟಲ್ಲಿಗೇ ಬರೂದ್ರಿ ಮಾವಾರ."

"ಹಂಗಾದ್ರ ಹೋಗೂದ್ಯಾಕ?"

ಈ ಪ್ರಶ್ನೆಗೆ ಭಾವನ ಹತ್ತಿರ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ಆದರೆ ಉತ್ತರವಿಲ್ಲ ಎಂಬ ಕಾರಣಕ್ಕೆ ಹುಚ್ಚು ಬಿಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮೊದಲು ಈಜು. ಭೀಮಾ ನದಿ ಹತ್ತಿರವೇ ಹರಿಯುತ್ತದೆ, ಆದರೆ ಅದರಲ್ಲಿ ಮೊಸಳೆ ಇದೆ ಎಂಬ ಮಾತೂ ಅಲ್ಲಲ್ಲಿ ಹರಿಯುತ್ತದೆ. ಅಕ್ಕ ಹೊಳೆಯ ಹೆಸರೆತ್ತಲು ಬಿಡಲಿಲ್ಲ. ಕೊನೆಗೆ ಇಜೇರಿಯ ರೈತರೊಬ್ಬರು, ತಮ್ಮ ಎತ್ತು ಬದುಕಿಸಿಕೊಟ್ಟ ಋಣಕ್ಕೆ, ಹೊಲದ ದೊಡ್ಡ ಬಾವಿಯನ್ನು ಬಿಟ್ಟುಕೊಟ್ಟರು. ಬಾವಿಯಲ್ಲಿ ಸೀದಾ ಈಜಲು ಜಾಗವೆಲ್ಲಿ? ಭಾವ ಗಾಣದ ಎತ್ತಿನಂತೆ ಸುತ್ತು ಹಾಕತೊಡಗಿದರು. ಮೊದಲ ದಿನ ಪಕ್ಕದ ಹೊಲದವರು ಬಗ್ಗಿ ನೋಡಿದರು. ಡಾಕ್ಟರು ಮುಖ ನೀರಲ್ಲಿಟ್ಟು ಸುತ್ತುತ್ತಾರೆ, ಏಳುತ್ತಾರೆ, ಮತ್ತೆ ಮುಖ ಇಡುತ್ತಾರೆ. ಪಾಪ, ಏನೋ ಬೆಲೆಬಾಳುವುದು ಬಿದ್ದಿದೆ ಎಂದು ಅವರಿಗೆ ಅನ್ನಿಸಿದ್ದು ತಪ್ಪೇ? ಊರಿಂದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿ ಬಂತು, ಹಗ್ಗ ಇಳಿಯಿತು. ಯಾರ ಕಾಲದಲ್ಲೋ ಬಿದ್ದಿದ್ದ ಎರಡು ಕೊಡ, ಒಂದು ಬಕೆಟ್ಟು ಮೇಲೆ ಬಂದವು. ಮೂರನೆಯ ಸಲಕ್ಕೆ ಕೊಕ್ಕೆ ಭಾವನ ಚಡ್ಡಿಗೆ ಸಿಕ್ಕಿತು. ಅವರ ಈಜಿನಿಂದ ಸಮಾಜಕ್ಕೆ ಆದ ಉಪಯೋಗ ಸದ್ಯಕ್ಕೆ ಆ ಕೊಡಗಳಷ್ಟೇ.

ಸೈಕಲ್ಲಿನ ವಿಷಯಕ್ಕೆ ಬಂದರೆ ನಾನೂ ಅದರ ಫಲಾನುಭವಿ. ನನ್ನನ್ನು ನೋಡಲು ಅಫಜಲಪುರದಿಂದ ಗಂಡಿನ ಕಡೆಯವರು ಆಳಂದಕ್ಕೆ ಬಂದ ದಿನ. ಅಕ್ಕ ಮತ್ತು ಅವಳ ಮಗಳು ಜೇವರ್ಗಿಯಿಂದ ಬಸ್ಸಿನಲ್ಲಿ ಬಂದಿದ್ದರು. ಭಾವ ಹಿಂದಿನಿಂದ ಬರುತ್ತಾರೆ ಎಂದಷ್ಟೇ ಅಕ್ಕ ಹೇಳಿದಳು, ಹೇಗೆ ಎಂದು ಹೇಳಲಿಲ್ಲ. ನಾನು ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ, ಮೈಗಂಟಿದ ಹಳದಿ ಅಂಗಿ, ತೊಡೆಗಂಟಿದ ಕರಿ ಚಡ್ಡಿ, ತಲೆಯ ಮೇಲೆ ಕಲ್ಲಂಗಡಿಯ ಹೋಳಿನಂಥ ಟೋಪಿ ಹಾಕಿಕೊಂಡು ಅವರು ಅಂಗಳಕ್ಕೆ ಇಳಿಯುವುದಕ್ಕೂ ಸರಿಹೋಯಿತು. ಮೈಮೇಲೆ ಮೂರೂ ತಾಲೂಕಿನ ಧೂಳು. ಗಂಡಿನ ತಂದೆ ಇವರು ಯಾರು ಎಂದು ಕೇಳಿದರು. ಅಪ್ಪ ಭಾವನನ್ನು ಅಡಿಯಿಂದ ಮುಡಿಯತನಕ ನೋಡಿ, ಹಾದಿ ತಪ್ಪಿ ಬಂದವರಿರಬೇಕು ಎಂದ. ಅವ್ವ ಓಡಿಹೋಗಿ ಶಾಲು ಹೊದಿಸಿ ಭಾವನನ್ನು ಒಳಗೆ ಎಳೆದುಕೊಂಡಳು. ಗಂಡು ಮಾತ್ರ ನನ್ನನ್ನು ಒಂದೇ ಒಂದು ಸಲ ನೋಡಿ, ಎದ್ದು ಸೈಕಲ್ಲಿನ ಹತ್ತಿರ ಹೋಗಿ, ಗಾಲಿ ಎತ್ತಿ ಎತ್ತಿ ನೋಡಿದರು. ನನ್ನ ಓದು, ಅಡುಗೆ ಯಾವುದನ್ನೂ ಕೇಳಲಿಲ್ಲ. ಇಷ್ಟು ಹಗುರ ಹೇಗಿದೆ ಎಂದು, ಶಾಲು ಹೊದ್ದೇ ಮತ್ತೆ ಹೊರಗೆ ಬಂದ ಭಾವನನ್ನು ಕೇಳಿದರು. ಮದುವೆ ಗೊತ್ತಾಯಿತು. ಅವರು ಒಪ್ಪಿದ್ದು ನನ್ನನ್ನೋ ಸೈಕಲ್ಲನ್ನೋ ಎಂದು ಅಫಜಲಪುರದ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಓಟದ ಕಥೆ ಬೇರೆ. ನಮ್ಮ ಕಡೆ ಸಂಸಾರಸ್ಥ ಮನುಷ್ಯ ರಸ್ತೆಯಲ್ಲಿ ಓಡುತ್ತಿದ್ದರೆ ಅದಕ್ಕೆ ಕಾರಣ ಎರಡೇ. ಒಂದೋ ಹಿಂದೆ ನಾಯಿ ಇರಬೇಕು, ಇಲ್ಲವೆ ಮುಂದೆ ಬಸ್ಸು ಇರಬೇಕು. ಆದ್ದರಿಂದ ಯಾವ ಬಸ್ಸಿನ ಡ್ರೈವರಿಗೂ ಭಾವನನ್ನು ದಾಟಿ ಹೋಗಲು ಮನಸ್ಸು ಬರುತ್ತಿರಲಿಲ್ಲ. ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರು ಬಾಗಿಲು ತೆರೆದು ಕರೆಯುತ್ತಿದ್ದರು. ಬೇಡ ಎಂದರೆ ಬಸ್ಸು ಅವರ ಪಕ್ಕದಲ್ಲೇ ತೆವಳುತ್ತ ಬರುತ್ತಿತ್ತು. ಒಳಗಿನವರು ಕಿಟಕಿಯಿಂದ ಸಮಾಧಾನ ಹೇಳುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ, ಮನೆಯಲ್ಲಿ ಹೆಂಡತಿ ಏನೋ ಅಂದಿರಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಾ ಎಂದು ಬುತ್ತಿಯಿಂದ ಶೇಂಗಾ ಹೋಳಿಗೆ ತೆಗೆದುಕೊಟ್ಟಳು. ಭಾವ ಅದನ್ನು ತಿನ್ನುತ್ತಲೇ ಓಡಿದರಂತೆ. ಅಷ್ಟು ಒಳ್ಳೆಯ ಅಭ್ಯಾಸ ಆ ತಿಂಗಳಲ್ಲಿ ಮತ್ತೆ ಆಗಲಿಲ್ಲವಂತೆ.

ಓಟದ ಮಧ್ಯೆ ನೌಕರಿ ಬೇರೆ. ಒಮ್ಮೆ ಓಡುತ್ತಿರುವಾಗಲೇ ಫೋನು ಬಂತು, ಒಂದು ಆಕಳು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು. ಜೀಪು ತರಿಸುವುದಕ್ಕಿಂತ ಹೊಲದ ಹಾದಿ ಹತ್ತಿರ. ಭಾವ ಹಾಗೇ ತಿರುಗಿ, ತೊಗರಿ ಸಾಲುಗಳ ನಡುವೆ ಓಡಿ, ಬೆವರು ಸುರಿಸುತ್ತ ಕೊಟ್ಟಿಗೆ ಹೊಕ್ಕರು. ತಾಯಿ, ಕರು ಎರಡೂ ಉಳಿದವು. ಡಾಕ್ಟರು ಬಡವರ ದನಕ್ಕಾಗಿ ಮೈಮೇಲೆ ಬಟ್ಟೆಯೂ ನೆಟ್ಟಗಿಲ್ಲದೆ ಓಡಿ ಬಂದರು ಎಂಬ ಕೀರ್ತಿ ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬಿತು. ಆಮೇಲೆ ಜೀಪಿನಲ್ಲಿ ಕೂತು ಹೋದರೆ ಜನ, ಸಾಹೇಬರಿಗೆ ಈಗೀಗ ಕಾಳಜಿ ಕಡಿಮೆಯಾಗಿದೆ ಎನ್ನತೊಡಗಿದರು.

ಇಷ್ಟೆಲ್ಲ ನಗುವ ಮಾತಾಯಿತು. ಅಕ್ಕನಿಗೆ ಇದು ಯಾವಾಗಲೂ ನಗುವ ಮಾತಾಗಿರಲಿಲ್ಲ. ನಸುಕಿನಲ್ಲಿ ಬಾವಿಗೆ ಹೋದವರು ಬಂದು, ಆಸ್ಪತ್ರೆಗೆ ಹೋಗಿ, ಸಂಜೆ ಓಡಿ ಬಂದು ತಟ್ಟೆಯ ಮುಂದೆ ಕೂತರೆ ಎರಡನೆಯ ರೊಟ್ಟಿಗೆ ಕಣ್ಣು ಮುಚ್ಚುತ್ತಿದ್ದವು. ಮಗಳ ಶಾಲೆಯ ಗ್ಯಾದರಿಂಗಿನಲ್ಲಿ, ಅವಳು ವೇದಿಕೆಯ ಮೇಲೆ ಕುಣಿಯುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಭಾವ ಬಾಯಿ ತೆರೆದು ಗೊರಕೆ ಹೊಡೆದರು. ಹುಡುಗಿ ಕುಣಿಯುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತ ನಿಂತಳಂತೆ. ಮನೆಗೆ ಬಂದ ಮೇಲೆ ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಭಾವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ನಿಮ್ಮ ಮೂರರಾಗ ನಾವಿಬ್ಬರು ಎಲ್ಲಿ ಬರ್ತೇವಿ, ಅಷ್ಟು ಹೇಳ್ರಿ ಸಾಕು," ಎಂದಳು.

ಭಾವ ಎರಡು ದಿನ ಯೋಚಿಸಿದರು. ಬೇರೆಯವರಾಗಿದ್ದರೆ ಸ್ಪರ್ಧೆ ಬಿಡುತ್ತಿದ್ದರು ಅಥವಾ ಸೀರೆ ತರುತ್ತಿದ್ದರು. ಇವರು ಹೆಂಡತಿ ಮಗಳಿಬ್ಬರನ್ನೂ ಭಾನುವಾರ ಬಾವಿಗೇ ಕರೆದುಕೊಂಡು ಹೋದರು. ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿದಳು. ಮಗಳು ಸುತ್ತು ಎಣಿಸಿದಳು. ಭಾವ ಪ್ರತಿ ಸುತ್ತಿಗೂ ಮುಖವೆತ್ತಿ ಒಂದೊಂದು ಮಾತು ಆಡಿದರು. ಹೀಗೆ ವಾರವಾರವೂ ನಡೆಯಿತು. ಮದುವೆಯಾದಾಗಿನಿಂದ ಗಂಡ ಇಷ್ಟು ಹೊತ್ತು ಎಲ್ಲಿಗೂ ಓಡಿಹೋಗದೆ ತನ್ನ ಮಾತು ಕೇಳಿಸಿಕೊಂಡಿದ್ದು ಬಾವಿಯಲ್ಲೇ ಎಂದು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. ಅಲ್ಲಿಂದ ಎದ್ದು ಹೋಗಬೇಕೆಂದರೂ ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಬೇಕಲ್ಲ!

ಹೋದ ಚಳಿಗಾಲ, ಭಾವ ಹೆಸರು ಕೊಟ್ಟಿದ್ದ ಸ್ಪರ್ಧೆಗೆ ಇನ್ನೆರಡು ತಿಂಗಳಿರುವಾಗ, ರಜೆಯೂ ಮಂಜೂರಾಗಿ, ಸೈಕಲ್ಲು ಬಿಚ್ಚಿ ಹಾಕುವ ಡಬ್ಬಿಯೂ ಬಂದ ಹೊತ್ತಿಗೆ, ಆಳಂದದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಸೋತವು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು, ದಿನವೂ ವ್ಯಾಯಾಮ ಮಾಡಿಸಿದರೆ ನಡೆಯುತ್ತಾರೆ, ಮಲಗಿಸಿದರೆ ಮಲಗೇ ಇರುತ್ತಾರೆ ಎಂದರು. ಅಪ್ಪ ಮಲಗುವುದನ್ನೇ ಆರಿಸಿಕೊಂಡ. ವ್ಯಾಯಾಮ ಕಲಿಸಲು ಬಂದವನನ್ನು ಸನ್ನೆಯಲ್ಲೇ ಹೊರಗೆ ಕಳಿಸಿದ. ಅವ್ವ ಕೈ ಹಿಡಿದರೆ ಕೊಡವಿಕೊಂಡ. ನಾನು ಅಫಜಲಪುರದಿಂದ ಬಂದು ಎಷ್ಟು ಹೇಳಿದರೂ ಗೋಡೆಯ ಕಡೆ ಮುಖ ಮಾಡಿದ. ಅಂಗಳದಲ್ಲಿ ನಿಂತು ಮಾತಾಡಿದರೆ ಹಿಂದಿನ ಓಣಿಗೆ ಕೇಳುತ್ತಿದ್ದ ಮನುಷ್ಯ, ತನ್ನ ಕಾಲು ನಡುಗುವುದನ್ನು ಯಾರೂ ನೋಡಬಾರದೆಂದು ಕಿಟಕಿ ಮುಚ್ಚಿಸುತ್ತಿದ್ದ.

ಭಾವ ಆ ರಜೆಯನ್ನೆಲ್ಲ ಈಗಲೇ ತೆಗೆದುಕೊಂಡು ಅಕ್ಕನ ಜೊತೆ ಬಸ್ಸಿನಲ್ಲಿ ಬಂದರು. ಬಂದವರೇ ಅಪ್ಪ ಮಲಗಿದ್ದ ಹೊರಸಿನ ಪಕ್ಕ ಕೂತು, ಹೇಳದೆ ಕೇಳದೆ ಅಪ್ಪನ ಮೊಣಕಾಲು ಒತ್ತಿ, ಮೀನಖಂಡ ಹಿಸುಕಿ ನೋಡಿದರು. ಅಪ್ಪನಿಗೆ ಎಷ್ಟೋ ದಿನಗಳ ಮೇಲೆ ಸಿಟ್ಟು ಬಂತು.

"ನಾ ಎತ್ತಲ್ಲ," ಎಂದ ತೊದಲುತ್ತ.

"ಎತ್ತಿದ್ರ ಛಲೋ ಇತ್ರಿ ಮಾವಾರ. ಹೇಳಿದ್ದು ಕೇಳ್ತಿತ್ತು," ಎಂದರು ಭಾವ.

ಅಪ್ಪ ಬೈದ. ಬೈಗುಳ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅರ್ಥವಾಗದ ಅರ್ಧವನ್ನು ಇನ್ನೊಮ್ಮೆ ಹೇಳಿ ಎಂದು ಭಾವ ಕೇಳಿದರು. ಅಪ್ಪ ಇನ್ನೂ ಸಿಟ್ಟಾಗಿ, ಬಿಡಿಸಿ ಬಿಡಿಸಿ ಬೈದ. ಅಂದಿನಿಂದ ಅದೇ ಮಾತಿನ ಚಿಕಿತ್ಸೆಯಾಯಿತು. ಬೆಳಿಗ್ಗೆ ಅಗಲವಾದ ಪಾತ್ರೆಯಲ್ಲಿ ಬೆಚ್ಚಗಿನ ನೀರು ತುಂಬಿ ಅಪ್ಪನ ಎಡಗೈಯನ್ನು ಅದರಲ್ಲಿ ಆಡಿಸುವುದು. ಮಧ್ಯಾಹ್ನ, ಅಕ್ಕನ ಮಗಳ ಹಳೆಯ ಸೈಕಲ್ಲನ್ನು ಹೊರಸಿನ ಮುಂದೆ ಕಟ್ಟಿ ಅಪ್ಪನ ಪಾದಗಳನ್ನು ಪೆಡಲಿಗೆ ಇಟ್ಟು ತಿರುಗಿಸುವುದು. ಸಂಜೆ ಹೆಗಲು ಕೊಟ್ಟು ನಿಲ್ಲಿಸುವುದು. ಮೊದಲು ಬಾಗಿಲ ತನಕ, ಆಮೇಲೆ ಅಂಗಳದ ತನಕ. ಅಪ್ಪ ಪ್ರತಿ ಹೆಜ್ಜೆಗೂ ಬೈಯುತ್ತಿದ್ದ, ಭಾವ ಪ್ರತಿ ಬೈಗುಳಕ್ಕೂ ಒಂದು ಹೆಜ್ಜೆ ಮುಂದಿಡಿಸುತ್ತಿದ್ದರು. ಅವ್ವ ದೇವರ ಕೋಣೆಯಿಂದಲೇ ಬೈಗುಳ ಕೇಳಿ, ಇವತ್ತು ಮಾತು ನಿನ್ನೆಗಿಂತ ಸ್ವಚ್ಛವಾಗಿದೆ ಎಂದು ನನಗೆ ಫೋನಿನಲ್ಲಿ ಹೇಳುತ್ತಿದ್ದಳು.

ಹೀಗೆ ದಿನಗಳು ಹೋದವು. ಒಂದು ಭಾನುವಾರ ನಾನು ಮತ್ತೆ ಆಳಂದಕ್ಕೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಹಂಚಿನ ಮೇಲಿನ ರೊಟ್ಟಿಯನ್ನು ಸೀಯಲು ಬಿಟ್ಟು ನಿಂತಿದ್ದಳು. ಏನಾಯಿತು ಎಂದು ಕೇಳಿದೆ. ಭಾವನ ಸ್ಪರ್ಧೆ ಇವತ್ತೇ ಇತ್ತು ಎಂದಳು. ಅವರು ಅದರ ಮಾತೇ ಎತ್ತಿಲ್ಲವಂತೆ. ಇವಳೇ ಬೆಳಿಗ್ಗೆ ಕೇಳಿದ್ದಕ್ಕೆ, ಮುಂದಿನ ವರ್ಷವೂ ಇರುತ್ತದೆ ಎಂದು ಹೇಳಿ ನೀರು ಕಾಯಿಸಲು ಹೋದರಂತೆ.

ಸಂಜೆ ಅಪ್ಪ ಮೊದಲ ಸಲ ಅಂಗಳ ದಾಟಿ ಬೀದಿಗೆ ಇಳಿದ. ಕೈಯಲ್ಲಿ ಕೋಲು. ಭಾವ ಕೈ ಹಿಡಿದಿರಲಿಲ್ಲ, ಪಕ್ಕದಲ್ಲಿದ್ದರು ಅಷ್ಟೇ. ಅಕ್ಕ, ನಾನು ಸ್ವಲ್ಪ ಹಿಂದಿದ್ದೆವು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಅಪ್ಪ ಯಾರನ್ನೂ ನೋಡದೆ, ಕತ್ತೆತ್ತಿ, ಒಂದೊಂದೇ ಹೆಜ್ಜೆ ಇಟ್ಟ. ಹಿಟ್ಟಿನ ಗಿರಣಿಯ ಹತ್ತಿರ ಬರುವಷ್ಟರಲ್ಲಿ ಅವನ ಕುತ್ತಿಗೆಯೆಲ್ಲ ಬೆವತಿತ್ತು, ಕೋಲು ನಡುಗತೊಡಗಿತು. ಸಾಕು ಎಂದು ಅವನಾಗಿ ಹೇಳುವವನಲ್ಲ, ಅದೂ ಇಷ್ಟು ಜನರ ಮುಂದೆ. ನಿಂತ. ಭಾವನ ಕಡೆ ತಿರುಗಿದ.

"ದಣದೀರೇನ್ರಿ ಅಳಿಯಂದ್ರ?"

ಭಾವ ಅಪ್ಪನ ಮುಖ ನೋಡಿದರು. ಆಮೇಲೆ ಟವೆಲು ತೆಗೆದು ತಮ್ಮ ಬೆವರೇ ಇಲ್ಲದ ಹಣೆಯನ್ನು ಒರೆಸಿಕೊಂಡರು.

"ಹೌದ್ರಿ ಮಾವಾರ. ಭಾಳ ದಣದೇನಿ. ಒಂದ್ ಘಳಿಗಿ ಕುಂಡ್ರೂಣು," ಎಂದು ಗಿರಣಿಯ ಕಟ್ಟೆಯ ಮೇಲೆ ತಾವೇ ಮೊದಲು ಕೂತರು.