ಚಿಕ್ಕಮ್ಮನ ಕಂಪ್ಯೂಟರಿಗೆ ಶನಿವಾರದ ಜ್ವರ

ಸಿಡ್ನಿಗೆ ಬರ ಬಂದು, ಪೈಪು ಹಿಡಿದು ಹುಲ್ಲಿಗೆ ನೀರು ಬಿಟ್ಟವರಿಗೆಲ್ಲ ದಂಡ ಬೀಳುತ್ತಿದ್ದ ಕಾಲದಲ್ಲಿ ನಮ್ಮ ಚಿಕ್ಕಮ್ಮ ಕಂಪ್ಯೂಟರಿಗೆ ನೀರು ಹಾಕುತ್ತಿದ್ದಳು! ನಂಬಿಕೆ ಬರುವುದಿಲ್ಲ, ಅಲ್ಲವೇ? ನನಗೂ ಬಂದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪೆಂಡಲ್ ಹಿಲ್‌ನ ನಮ್ಮ ಮನೆಗೆ ಅವಳ ಫೋನ್ ಬಂತು.

"ಏನೋ ಕಂಪ್ಯೂಟರ್ ಇಂಜಿನಿಯರ್ರೇ, ಒಂದು ಡೌಟು. ನೀರು ಮೇಲಿನ ಪೈಪಲ್ಲಿ ಹೋಗಿ ಕೆಳಗಿನದ್ರಲ್ಲಿ ಬರ್ಬೇಕೋ, ಕೆಳಗಡೆಯಿಂದ ಹೋಗಿ ಮೇಲ್ಗಡೆ ಬರ್ಬೇಕೋ?"

"ಯಾವ ನೀರು ಚಿಕ್ಕಮ್ಮ? ಗೀಸರ್‌ದಾ?"

"ಗೀಸರ್ ಯಾಕೋ? ಕಂಪ್ಯೂಟರ್‌ದು."

ಕೂತಿದ್ದವನು ಎದ್ದು ನಿಂತೆ. ಕಂಪ್ಯೂಟರಿನ ಪಕ್ಕ ಕಾಫಿ ಲೋಟ ಕೂಡ ಇಡಬಾರದು ಎನ್ನುವುದು ನಾನು ಕೆಲಸಕ್ಕೆ ಸೇರಿದ ದಿನ ಕಲಿತ ಮೊದಲ ಪಾಠ. "ಸ್ವಿಚ್ ಆಫ್ ಮಾಡು! ಮುಟ್ಟಬೇಡ! ಬಂದೆ!" ಎಂದು ಕೂಗಿ, ಹಾಕಿದ್ದ ಬನಿಯನ್ನಿನಲ್ಲೇ ಕ್ವೇಕರ್ಸ್ ಹಿಲ್‌ನ ಅವಳ ಮನೆಗೆ ಕಾರು ಓಡಿಸಿದೆ.

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬು ನೋಡಿಕೊಂಡಿದ್ದವಳು, ಸಿಡ್ನಿಗೆ ಬಂದ ಮೇಲೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದು ಆಗಷ್ಟೇ ರಿಟೈರ್ ಆಗಿದ್ದಳು. ರಿಟೈರ್ ಆದವರು ಭಜನೆಗೆ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಇವಳು ಸ್ಕ್ರೂಡ್ರೈವರ್ ಹಿಡಿದಳು. ಮೊದಲು ಮಿಕ್ಸಿ, ಆಮೇಲೆ ವಾಷಿಂಗ್ ಮಷೀನು. ಚಿಕ್ಕಪ್ಪನಂತೂ ತನ್ನ ಹಿಯರಿಂಗ್ ಏಡನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಮಲಗುತ್ತಿದ್ದ.

ಆ ದಿನ ನಾನು ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಊಟದ ಮೇಜಿನ ಮೇಲೆ ಮುಚ್ಚಳ ತೆಗೆದ ದೊಡ್ಡ ಪೆಟ್ಟಿಗೆ. ಅದರ ಹೊಟ್ಟೆಯಿಂದ ಎರಡು ಪಾರದರ್ಶಕ ಪೈಪುಗಳು ಹೊರಬಂದು ಪಕ್ಕದ ಉಪ್ಪಿನಕಾಯಿ ಬಾಟಲಿಗೆ ಇಳಿದಿವೆ. ಬಾಟಲಿಯ ಪಕ್ಕ ಮೀನಿನ ತೊಟ್ಟಿಗೆ ಹಾಕುವ ಪಂಪು ಗೊರ್ ಅನ್ನುತ್ತಿದೆ. ಹಿಂದೆ ಯಾವುದೋ ಗುಜರಿ ಕಾರಿನಿಂದ ಕಿತ್ತು ತಂದ ಸಣ್ಣ ರೇಡಿಯೇಟರು. ಪೈಪು ಕೂಡುವ ಕಡೆಯೆಲ್ಲ ವಿಭೂತಿ ಪಟ್ಟೆ!

"ಇದೇನು ಚಿಕ್ಕಮ್ಮ, ಕಂಪ್ಯೂಟರಿಗೆ ವಿಭೂತಿ?"

"ಒಂದು ಹನಿ ಸೋರಿದ್ರೂ ವಿಭೂತಿ ಒದ್ದೆಯಾಗಿ ಬಣ್ಣ ತಿರುಗತ್ತೆ, ಗೊತ್ತಾಗ್ಬಿಡತ್ತೆ. ನಿಮ್ಮ ಆಫೀಸಲ್ಲಿ ಇದೆಯೇನೋ ಇಂಥಾ ಐಡಿಯಾ?"

ಇರಲಿಲ್ಲ. ಒಪ್ಪಿಕೊಂಡೆ. ವಿಷಯ ಸರಳವಾಗಿತ್ತು. ಕಂಪ್ಯೂಟರಿನ ಮೆದುಳು ಕೆಲಸ ಮಾಡುವಾಗ ಬಿಸಿಯೇರುತ್ತದೆ. ಅದರ ನೆತ್ತಿಯ ಮೇಲೆ ಒಂದು ತಾಮ್ರದ ಬಿಲ್ಲೆ, ಬಿಲ್ಲೆಯೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ಅವುಗಳಲ್ಲಿ ಹರಿಯುವ ನೀರು ಬಿಸಿಯನ್ನು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ತಣಿದು ವಾಪಸು ಬರುತ್ತದೆ.

"ಎಲ್ಲರೂ ಫ್ಯಾನ್ ಇಟ್ಕೊಂಡು ಸುಮ್ನಿದಾರಲ್ಲ, ನಿಂಗೇನಾಗಿದೆ?"

"ಚಳಿಗಾಲವೆಲ್ಲ ಫ್ಯಾನಲ್ಲೇ ನಡೀತು ಕಣೋ. ಈಗ ಹೊರಗಡೆ ನಲವತ್ತು ಡಿಗ್ರಿ. ಬಿಸಿಗಾಳೀನೇ ಬೀಸಣಿಗೇಲಿ ಬೀಸಿಕೊಂಡ್ರೆ ತಂಪಾಗತ್ತಾ?"

"ಅಲ್ಲ, ಇಷ್ಟು ಬಿಸಿಯಾಗೋ ಅಂಥಾದ್ದು ಏನು ಮಾಡ್ತೀಯ ಇದ್ರಲ್ಲಿ? ಪಂಚಾಂಗ ನೋಡ್ತೀಯಾ?"

"ಡ್ರ್ಯಾಗನ್ ಕೊಲ್ತೀನಿ."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಬೆಳಿಗ್ಗೆ ಮಡಿಯುಟ್ಟು ದೇವರಿಗೆ ಹೂವೇರಿಸುವ, ಜಿರಲೆಯನ್ನು ಕೂಡ ಪೊರಕೆಯಲ್ಲಿ ಮೆಲ್ಲಗೆ ಹೊರಗೆ ಸಾಗಿಸುವ ನಮ್ಮ ಚಿಕ್ಕಮ್ಮ ಇಂಟರ್ನೆಟ್ಟಿನಲ್ಲಿ ಡ್ರ್ಯಾಗನ್ ಕೊಲ್ಲುತ್ತಾಳೆ! ಐದು ಜನರ ಟೀಮಂತೆ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಸೇರುತ್ತಾರಂತೆ. ಉಳಿದವರು ಕತ್ತಿ, ಬಿಲ್ಲು ಹಿಡಿದವರು. ಇವಳು ವೈದ್ಯೆ, ಗಾಯಗೊಂಡವರಿಗೆ ಮಂತ್ರ ಹಾಕಿ ಜೀವ ತುಂಬುವವಳು. ಯುದ್ಧಕ್ಕೆ ಮುಂಚೆ ಎಲ್ಲರಿಗೂ ಇಂಗ್ಲಿಷಿನಲ್ಲಿ "ಊಟ ಆಯಿತಾ?" ಎಂದು ಟೈಪ್ ಮಾಡಿ ಕೇಳುತ್ತಾಳಂತೆ. ಖಾಲಿ ಹೊಟ್ಟೆಯಲ್ಲಿ ಯುದ್ಧಕ್ಕೆ ಹೋಗಬಾರದಲ್ಲ!

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ಟೀಮಲ್ಲಿ ಹಸಿರು ಬಟ್ಟೆ ಹಾಕ್ಕೊಂಡು ಬಿಲ್ಲು ಹಿಡಿದಿರೋಳು ಒಬ್ಳಿದಾಳೆ. ಅವ್ಳು ನಮ್ಮ ಪುಟ್ಟಿ ಕಣೋ."

ನನ್ನ ನಗು ಅಲ್ಲೇ ನಿಂತಿತು. ಪುಟ್ಟಿ ಅವಳ ಒಬ್ಬಳೇ ಮಗಳು. ಫಾರ್ಮಸಿ ಓದನ್ನು ಅರ್ಧಕ್ಕೆ ಬಿಟ್ಟು, ಕಂಪ್ಯೂಟರ್ ಆಟಗಳಿಗೆ ಚಿತ್ರ ಬರೆಯುವ ಕೆಲಸ ಹಿಡಿದು ಮೆಲ್ಬರ್ನಿಗೆ ಹೊರಟವಳು. "ಆಟಾನೂ ಒಂದು ಕೆಲಸವೇನೇ?" ಎಂದಿದ್ದಳು ಚಿಕ್ಕಮ್ಮ. "ನೀನು ಒಂದು ದಿನವಾದ್ರೂ ನೋಡಿದೀಯಾ?" ಎಂದು ಕೇಳಿ ಪುಟ್ಟಿ ಬಾಗಿಲು ದಾಟಿದ್ದಳು. ಎರಡು ವರ್ಷ ತಾಯಿ ಮಗಳು ಮಾತಾಡಿರಲಿಲ್ಲ. ಹಟದಲ್ಲಿ ಇಬ್ಬರೂ ಒಂದೇ ಅಚ್ಚಿನವರು.

"ನೋಡಿದೀಯಾ ಅಂದ್ಲಲ್ಲ, ನೋಡೇಬಿಡೋಣ ಅಂತ ಶುರು ಮಾಡ್ದೆ. ಆಟದಲ್ಲಿ ಅವ್ಳ ಹೆಸರೇನು ಅಂತ ನಿಮ್ಮ ಚಿಕ್ಕಪ್ಪ ಫೋನಲ್ಲಿ ಮೆತ್ತಗೆ ಕೇಳಿ ತಿಳ್ಕೊಂಡ್ರು. ನಾನು ಯಾರು ಅಂತ ಅವ್ಳಿಗೆ ಗೊತ್ತಿಲ್ಲ."

"ಹೇಳ್ಬಿಡು ಮತ್ತೆ!"

"ಹೇಳಿದ್ರೆ ಟೀಮ್ ಬಿಟ್ಟು ಹೋಗ್ಬಿಟ್ರೆ? ಈಗ ವಾರಕ್ಕೆ ಎರಡು ಗಂಟೆ ಪಕ್ಕದಲ್ಲಾದ್ರೂ ನಿಂತಿರ್ತೀನಿ."

ಅವತ್ತಿನಿಂದ ಆ ಕಂಪ್ಯೂಟರು ನನ್ನ ಜವಾಬ್ದಾರಿಯಾಯಿತು. ಪೈಪುಗಳನ್ನು ಸರಿಯಾಗಿ ಜೋಡಿಸಿದೆ. ವಾರವಿಡೀ ಅದು ಮಗುವಿನ ಹಾಗೆ ತಣ್ಣಗಿತ್ತು. ಶನಿವಾರ ಬಂತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಕಾದ ಹೆಂಚಿನಂತಾಗಿ ಆರಿಹೋಯಿತು!

ಭಾನುವಾರ ನೀರೆಲ್ಲ ಬಸಿದು, ಪೈಪಿಗೆ ಹಿಂದುಮುಂದಾಗಿ ನೀರು ನುಗ್ಗಿಸಿ ತೊಳೆದೆ. ಸರಿಹೋಯಿತು. ಮುಂದಿನ ಶನಿವಾರ ಮತ್ತೆ ಜ್ವರ. ಮತ್ತೆ ನೀರು ನುಗ್ಗಿಸಿ ತೊಳೆದು, ಒಳಗೆ ಗಾಳಿಗುಳ್ಳೆಯೂ ಸೇರಿದೆ ಎಂದುಕೊಂಡು ಪೆಟ್ಟಿಗೆಯನ್ನು ಹೆಗಲಿಗೆ ಒರಗಿಸಿಕೊಂಡು, ಹಾಲು ಕುಡಿದ ಕೂಸಿಗೆ ತೇಗು ಬರಿಸುವಂತೆ ಬೆನ್ನು ತಟ್ಟಿದೆ. ಗಾಳಿ ಹೊರಟಿತು. ಪಂಪು ಬದಲಾಯಿಸಿದೆ. ಏನು ಮಾಡಿದರೇನು? ಸೋಮವಾರ ಆರೋಗ್ಯ, ಬುಧವಾರ ಆರೋಗ್ಯ, ಮೂರನೆಯ ಶನಿವಾರ ಮತ್ತೆ ಅದೇ ಜ್ವರ! ನನ್ನ ಲ್ಯಾಪ್‌ಟಾಪಿನಲ್ಲಿ ಆಡಿಸೋಣವೆಂದರೆ ಅದು ಆ ಆಟವನ್ನು ತೆರೆಯಲೂ ಒಪ್ಪಲಿಲ್ಲ. ಮಿಕ್ಕ ದಿನ ಟೀಮಿನವರು ಯಾರೂ ಸಿಗುವುದಿಲ್ಲ, ಕಾರಣ ಹೇಳೋಣವೆಂದರೂ ದಾರಿಯಿಲ್ಲ.

"ಇದು ಶನಿಕಾಟ. ನನ್ನ ಮಾತು ಯಾರು ಕೇಳ್ತಾರೆ?" ಎಂದ ಚಿಕ್ಕಪ್ಪ, ಕಂಪ್ಯೂಟರಿನ ಪಕ್ಕದಲ್ಲೇ ಎಳ್ಳೆಣ್ಣೆ ದೀಪ ಹಚ್ಚಿಟ್ಟ. ಅದನ್ನು ತಂಪು ಮಾಡಲು ನಾವು ಒದ್ದಾಡುತ್ತಿದ್ದರೆ ಈ ಮಹಾರಾಯ ಪಕ್ಕದಲ್ಲಿ ಬೆಂಕಿ ಇಟ್ಟಿದ್ದ!

ಚಿಕ್ಕಮ್ಮ ಮಾತ್ರ ಸಪ್ಪಗಾಗಿದ್ದಳು. "ನಾಲ್ಕು ಶನಿವಾರ ತಪ್ಪಿಸಿಕೊಂಡ್ರೆ ಟೀಮಿಗೆ ಬೇರೆ ವೈದ್ಯರನ್ನ ತಗೋತಾರೆ. ಅದು ರೂಲ್ಸು," ಎಂದಳು. ಮೂರು ಆಗಲೇ ಮುಗಿದಿದ್ದವು.

ಆ ವಾರವೇ ಆಫೀಸಿನವರು ನನ್ನನ್ನು ಮೆಲ್ಬರ್ನಿಗೆ ಕಳಿಸಬೇಕೇ! ಗುರುವಾರ ಕೆಲಸ ಮುಗಿಸಿ ಪುಟ್ಟಿಗೆ ಫೋನ್ ಮಾಡಿದೆ. ಟ್ರಾಮ್ ಓಡಾಡುವ ಬೀದಿಯ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಇಡೀ ಊರು ಕಪ್ಪು ಬಟ್ಟೆ ಹಾಕಿತ್ತು, ಇವಳೂ ಹಾಕಿದ್ದಳು. ಅವಳ ಕೆಲಸ, ಅವಳ ರೂಮಿನ ರೆಂಟು, ನನ್ನ ಮಾರ್ಟ್‌ಗೇಜು, ಎಲ್ಲ ಮಾತಾಡಿದೆವು. ಅಮ್ಮನ ಹೆಸರು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಏಳುವ ಹೊತ್ತಿಗೆ ಅವಳು ಕಾಫಿ ಕಪ್ಪಿನ ಕಿವಿ ತಿರುಗಿಸುತ್ತ ಕೇಳಿದಳು.

"ಅಣ್ಣ, ಈಸ್ ಅಮ್ಮ ಸಿಕ್?"

"ಇಲ್ವಲ್ಲ. ಯಾಕೆ?"

"ತ್ರೀ ಸ್ಯಾಟರ್ಡೇಸ್ ಆಯ್ತು. ಬಂದೇ ಇಲ್ಲ."

ನನ್ನ ಕಾಫಿ ಮೂಗಿಗೆ ಹತ್ತಿತು. "ನಿಂಗೊತ್ತಾ?"

"ಕಮಾನ್ ಅಣ್ಣ! ಯಾವ ಹೀಲರ್ ಡ್ರ್ಯಾಗನ್ ಮುಂದೆ ನಿಂತ್ಕೊಂಡು ಊಟ ಆಯ್ತಾ ಅಂತ ಕೇಳ್ತಾರೆ? ಇವತ್ತು ಏಕಾದಶಿ, ಹಂದಿ ಬೇಟೆ ಬೇಡ ಅಂತ ಯಾರು ಹೇಳ್ತಾರೆ? ಫಸ್ಟ್ ಡೇನೇ ಗೊತ್ತಾಯ್ತು."

"ಮತ್ತೆ ಮಾತಾಡ್ಸೋದಲ್ವೇನೇ?"

"ನೋ! ನಂಗೊತ್ತು ಅಂತ ಗೊತ್ತಾದ್ರೆ ಷಿ'ಲ್ ಸ್ಟಾಪ್ ಕಮಿಂಗ್. ಪ್ಲೀಸ್ ಅಣ್ಣ, ಹೇಳ್ಬೇಡ."

ಇವಳು ಬರುವುದು ಬಿಟ್ಟಾಳೆಂದು ಅವಳಿಗೆ ಭಯ, ಅವಳು ಬರುವುದು ಬಿಟ್ಟಾಳೆಂದು ಇವಳಿಗೆ ಭಯ. ನಡುವೆ ಬಾಯಿಗೆ ಬೀಗ ಹಾಕಿಕೊಂಡವನು ನಾನು!

ಶುಕ್ರವಾರ ಸಂಜೆ ಏರ್‌ಪೋರ್ಟಿನಿಂದ ನೆಟ್ಟಗೆ ಕ್ವೇಕರ್ಸ್ ಹಿಲ್‌ಗೆ ಹೋದೆ. ಶುಕ್ರವಾರ ನಾನು ಆ ಮನೆಗೆ ಹೋಗಿದ್ದು ಅದೇ ಮೊದಲು. ಚಿಕ್ಕಮ್ಮ ಸಿಂಕಿನ ಮುಂದೆ ನಿಂತು ದೇವರ ಪಾತ್ರೆ ಬೆಳಗುತ್ತಿದ್ದಳು. ಚೊಂಬು, ಪಂಚಪಾತ್ರೆ, ಉದ್ಧರಣೆ, ಅವುಗಳ ಸಾಲಿನಲ್ಲಿ ಕಂಪ್ಯೂಟರಿನ ತಾಮ್ರದ ಬಿಲ್ಲೆ! ಬಿಚ್ಚಿ ಎರಡು ಹೋಳು ಮಾಡಿ, ಹುಣಸೆಹಣ್ಣು ಹಾಕಿ ಗಸಗಸ ತಿಕ್ಕುತ್ತಿದ್ದಾಳೆ!

"ಚಿಕ್ಕಮ್ಮಾ! ಏನು ಮಾಡ್ತಿದೀಯ?"

"ತಾಮ್ರ ಅಲ್ವೇನೋ? ಶುಕ್ರವಾರ ಬೆಳಗದೇ ಇರಕ್ಕಾಗತ್ತಾ?"

"ಪ್ರತಿ ಶುಕ್ರವಾರ?"

"ಮತ್ತೆ? ಒಂದು ವಾರ ತಪ್ಪಿಸಿಲ್ಲ," ಎಂದಳು ಹೆಮ್ಮೆಯಿಂದ.

ಬಿಲ್ಲೆಯನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದೆ. ಹೊರಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಒಳಗಿನ ಕೂದಲೆಳೆಯ ಕಾಲುವೆಗಳಲ್ಲಿ ಹುಣಸೆಹಣ್ಣಿನ ನಾರು ಒತ್ತಾಗಿ ಕೂತಿತ್ತು. ಶುಕ್ರವಾರ ಕಾಲುವೆ ಕಟ್ಟುತ್ತಿತ್ತು, ಶನಿವಾರ ಜ್ವರ ಬರುತ್ತಿತ್ತು, ಭಾನುವಾರ ನಾನು ನೀರು ನುಗ್ಗಿಸಿ ನಾರು ತೊಳೆಯುತ್ತಿದ್ದೆ. ಪಾಪ, ಶನಿಮಹಾತ್ಮನ ಮೇಲೆ ಸುಮ್ಮನೆ ಅಪವಾದ! ಚಿಕ್ಕಮ್ಮನಿಗೆ ತೋರಿಸಿದೆ. ಅಷ್ಟು ವರ್ಷ ಲ್ಯಾಬಿನಲ್ಲಿ ದುಡಿದವಳು ಕನ್ನಡಕ ಏರಿಸಿ ನೋಡಿ, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಇಬ್ಬರೂ ಒಂದೊಂದೇ ನಾರು ಕಿತ್ತೆವು.

ಶನಿವಾರ ನಾಲ್ಕು ಗಂಟೆ. ಪೆಟ್ಟಿಗೆ ತಣ್ಣಗಿತ್ತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ಆರಲಿಲ್ಲ. ತೆರೆಯ ಮೇಲೆ ಒಂದು ಗುಹೆ, ಗುಹೆಯ ಬಾಯಲ್ಲಿ ನಾಲ್ಕು ಜನ, ಅವರಲ್ಲೊಬ್ಬಳು ಹಸಿರು ಬಟ್ಟೆಯವಳು. ಚಿಕ್ಕಮ್ಮ ಎರಡು ಬೆರಳಲ್ಲಿ ಟೈಪ್ ಮಾಡಿದಳು, ಎಲ್ಲರಿಗೂ ಊಟ ಆಯಿತಾ? ಒಬ್ಬ ಎಸ್ ಎಂದ, ಒಬ್ಬ ಪೀಟ್ಸಾ ಎಂದ, ಇನ್ನೊಬ್ಬ ನಗುವ ಮುಖ ಹಾಕಿದ. ಹಸಿರು ಬಟ್ಟೆಯವಳು ಬಿಲ್ಲು ಕೆಳಗಿಳಿಸಿದಳು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಕನ್ನಡ ಮೂಡಿತು.

"ಆಯ್ತಮ್ಮ. ನಿಂದು?"

ಚಿಕ್ಕಮ್ಮನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಡ್ರ್ಯಾಗನ್ ಬಂತು. ಒಬ್ಬೊಬ್ಬರನ್ನೇ ಸುಡತೊಡಗಿತು. ವೈದ್ಯೆ ಅಲ್ಲಾಡಲಿಲ್ಲ. ಹಿಂದೆ ಪೇಪರ್ ಓದುತ್ತಿದ್ದ ಚಿಕ್ಕಪ್ಪ ಪೇಪರ್ ಮಡಿಸಿ ಎದ್ದು ಬಂದ. ಕೀಬೋರ್ಡಿನ ಮೇಲೆ ತೊಟ್ ಎಂದು ಒಂದು ಹನಿ ಬಿತ್ತು, ಹಿಂದೆಯೇ ಇನ್ನೊಂದು.

"ಎಲ್ಲೋ ಸೋರ್ತಿದೆ ನೋಡೋ," ಎಂದಳು ಚಿಕ್ಕಮ್ಮ, ನನ್ನ ಕಡೆ ತಿರುಗದೆ.

ನಾನು ಮಂಡಿಯೂರಿ ಕೂತು, ಟಾರ್ಚ್ ಹಾಕಿ ಪೈಪು ಕೂಡುವ ಜಾಗವನ್ನೆಲ್ಲ ಒಂದೊಂದಾಗಿ ನೋಡಿದೆ. ಎಲ್ಲ ಕಡೆಯೂ ವಿಭೂತಿ ಒಣಗಿ ಬೆಳ್ಳಗೇ ಇತ್ತು.