ಗ್ಯಾಸ್ ಕಾರಿನ ಮುಳ್ಳು

ಮನುಷ್ಯರ ಮಾತಿಗಿಂತ ಮುಳ್ಳಿನ ಮಾತನ್ನು ಹೆಚ್ಚು ನಂಬುವ ದುರ್ಬುದ್ಧಿ ನನಗೆ ಮೊದಲಿನಿಂದಲೂ ಉಂಟು. ಗಡಿಯಾರದ ಮುಳ್ಳು, ತಕ್ಕಡಿಯ ಮುಳ್ಳು, ರೇಡಿಯೋದ ಮುಳ್ಳು, ಯಾವುದಾದರೂ ಸರಿ, ಮುಳ್ಳೊಂದು ತೋರಿಸಿತೆಂದರೆ ನನಗೆ ಅದೇ ವೇದವಾಕ್ಯ. ಮಗುವಿನ ಹಣೆ ಮುಟ್ಟಿ ಹೆಂಡತಿ ವನಜಾ "ಜ್ವರ ಉಂಟು" ಎಂದರೆ ನಾನು ಥರ್ಮಾಮೀಟರ್ ಹುಡುಕುತ್ತಾ ಕಪಾಟನ್ನೆಲ್ಲ ಜಾಲಾಡುತ್ತಿದ್ದೆ. ಅದು ಸಿಗುವ ಹೊತ್ತಿಗೆ ಅವಳು ಕಷಾಯ ಕುಡಿಸಿ ಮಗುವನ್ನು ಮಲಗಿಸಿಯೂ ಆಗಿರುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಲ್ಲವೇ, ಅಳೆಯದೆ ನಂಬಿದರೆ ಸಂಬಳಕ್ಕೆ ದ್ರೋಹ ಎಂಬ ಭಾವನೆ. ಈ ಸೊಕ್ಕು ನನ್ನನ್ನು ಎಲ್ಲಿಗೆ ಕೊಂಡುಹೋಯಿತು ಎಂದು ಹೇಳುತ್ತೇನೆ. ನಗು ಬಂದರೆ ನಗಬಹುದು, ನನ್ನ ಅಡ್ಡಿಯಿಲ್ಲ.

ನಮ್ಮ ಮನೆ ಕಾಪುವಿನಲ್ಲಿ. ಅದು ಎಂಬತ್ತರ ದಶಕ, ಒಬ್ಬ ಮಾಸ್ಟ್ರ ಮನೆಯಂಗಳದಲ್ಲಿ ಕಾರು ನಿಂತಿದೆಯೆಂದರೆ ಜನ ಎರಡೆರಡು ಸಲ ನೋಡುವ ಕಾಲ. ನಾನೇನು ಕೊಂಡದ್ದಲ್ಲ. ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಸೋದರಮಾವ, ಊರಿಗೆ ಬಂದಾಗ ಓಡಾಡಲೆಂದು ಇಟ್ಟುಕೊಂಡಿದ್ದ ಹಳೆಯ ಅಂಬಾಸಿಡರನ್ನು ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಅದು ಪೆಟ್ರೋಲ್ ಕುಡಿಯುವುದನ್ನು ನೋಡಿದರೆ ಎದೆ ಒಡೆಯುತ್ತಿತ್ತು. ಆಗ ಸಿಕ್ಕಿದವನೇ ಹಸನಬ್ಬ. ಗಲ್ಫಿನಲ್ಲಿ ಕೆಲವು ವರ್ಷ ಗ್ಯಾರೇಜಿನಲ್ಲಿ ದುಡಿದು ಬಂದು ನಮ್ಮ ಪೇಟೆಯಲ್ಲೇ ಶೆಡ್ಡು ಹಾಕಿದ್ದ ಮೆಕ್ಯಾನಿಕ್. "ಮಾಸ್ಟ್ರೇ, ಅಡಿಗೆಯ ಗ್ಯಾಸಿನಲ್ಲಿ ಓಡಿಸುವ ಹಾಗೆ ಮಾಡಿ ಕೊಡ್ತೇನೆ. ಹೊಗೆ ಇಲ್ಲ, ಎಂತ ಇಲ್ಲ" ಎಂದ. ಕಾನೂನಿಗೆ ವಿರುದ್ಧ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದ್ದರಿಂದ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ವರ್ಷಗಟ್ಟಲೆ ಕಾದು ಪಡೆದ ಗ್ಯಾಸ್ ನಮ್ಮದು. ಎರಡನೆಯ ಸಿಲಿಂಡರ್ ಬಂದು ಇನ್ನೂ ತಿಂಗಳಾಗಿರಲಿಲ್ಲ, ಅದನ್ನು ನಾನು ಕಾರಿನ ಡಿಕ್ಕಿಯಲ್ಲಿ ಮಲಗಿಸಿದೆ. ಅಡಿಗೆಮನೆಯಲ್ಲಿದ್ದದ್ದು ಮುಗಿದಾಗಲೆಲ್ಲ ವನಜಾ ಮತ್ತೆ ಸೌದೆ ಒಲೆಯ ಮುಂದೆ ಕೂತು ಊದಿದಳು. "ಕಾರಿಗೆ ಊಟ ಆಯ್ತಲ್ಲ, ಇನ್ನು ನಮಗೆ ಆದೀತು" ಎಂದು ಒಮ್ಮೆ ಹೇಳಿದಳು. ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ. ತುಳುವಿನಲ್ಲಿ ಆ ಮಾತಿಗೆ ಇನ್ನೂ ಸ್ವಲ್ಪ ಖಾರ ಹೆಚ್ಚಿತ್ತು.

ಕಾರು ಓಡಿತು, ಚೆನ್ನಾಗಿಯೇ ಓಡಿತು. ಆದರೆ ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟು ಉಳಿದಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಎದುರಿನ ಮುಳ್ಳಿಗೆ ಗೊತ್ತಿದ್ದದ್ದು ಪೆಟ್ರೋಲಿನ ಲೆಕ್ಕ ಮಾತ್ರ. ಓಡಿದ ಮೈಲಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಅಂದಾಜು ಮಾಡುತ್ತಿದ್ದೆ. ನಾನೋ ಮುಳ್ಳಿನ ಭಕ್ತ, ಅಂದಾಜಿನಲ್ಲಿ ಬದುಕುವುದು ಹೇಗೆ? ಹಸನಬ್ಬನ ಬೆನ್ನು ಹತ್ತಿದೆ. ಅವನು ತಲೆ ಕೆರೆದುಕೊಂಡು ಒಂದು ಉಪಾಯ ತೆಗೆದ. ಹಳೆಯ ಲಾರಿಯ ಸೀಟಿನ ಸ್ಪ್ರಿಂಗುಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಸಿಲಿಂಡರ್. ಪೆಟ್ರೋಲ್ ಟ್ಯಾಂಕಿನೊಳಗೆ ತೇಲುತ್ತಿದ್ದ ಫ್ಲೋಟನ್ನು ಅದರ ಕಡ್ಡಿಸಮೇತ ಕಿತ್ತು ಹಲಗೆಗೆ ಜೋಡಿಸಿ, ಅದರ ವಯರನ್ನು ಮುಳ್ಳಿಗೆ ಕೊಡುವುದು. ಗ್ಯಾಸ್ ಮುಗಿದಷ್ಟೂ ಸಿಲಿಂಡರ್ ಹಗುರವಾಗಿ ಹಲಗೆ ಏಳುತ್ತದೆ, ಅದಕ್ಕೆ ಸರಿಯಾಗಿ ಮುಳ್ಳು ಆಡುತ್ತದೆ. ಎಂಥ ತಲೆ ನೋಡಿ! ಫ್ಲೋಟ್ ಕಿತ್ತ ತೂತಿನಿಂದ ಟ್ಯಾಂಕು ಸೋರತೊಡಗಿದ್ದರಿಂದ ಇದ್ದ ಪೆಟ್ರೋಲನ್ನೂ ಇಳಿಸಿಬಿಟ್ಟೆವು. ಮುಳ್ಳಿರುವಾಗ ಪೆಟ್ರೋಲಿನ ಹಂಗು ಯಾಕೆ?

ಮೊದಲ ವಾರ ಸ್ವಲ್ಪ ಎಡವಟ್ಟಾಯಿತು. ಗ್ಯಾಸ್ ಖಾಲಿಯಾದಷ್ಟೂ ಮುಳ್ಳು ಮೇಲೆ ಹೋಗತೊಡಗಿತು. ಉಡುಪಿಗೆ ಹೋಗಿಬಂದರೆ ಹೊರಟಾಗಿನದಕ್ಕಿಂತ ಹೆಚ್ಚು ಗ್ಯಾಸ್! ಕಡ್ಡಿಯನ್ನು ತಲೆಕೆಳಗಾಗಿ ಕೂರಿಸಬೇಕಿತ್ತು. ಹಸನಬ್ಬ "ನೀವು ಉಲ್ಟಾ ಓದಿದರೆ ಸಾಕಲ್ವಾ ಮಾಸ್ಟ್ರೇ" ಎಂದ. ನಾನು ಬಿಡಲಿಲ್ಲ, ತಿರುಗಿಸಿ ಹಾಕಿಸಿದೆ. ಆಮೇಲೆ ಮುಳ್ಳು ಸತ್ಯಹರಿಶ್ಚಂದ್ರನಾಯಿತು. ಸ್ಟಾಫ್ ರೂಮಿನಲ್ಲಿ ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಮೈಲಿ ಬರೆಯುವ ಪುಸ್ತಕವನ್ನು ಅಟ್ಟಕ್ಕೆ ಎಸೆದೆ.

ಇನ್ನು ಕಾರ್ಕಳದ ವಿಷಯ. ವನಜಾ ನನಗಿಂತ ಒಳ್ಳೆಯ ಅಂಕ ತೆಗೆದು ಬಿ.ಎಡ್. ಮಾಡಿದವಳು. ಮದುವೆ, ಎರಡು ಮಕ್ಕಳು, ನನ್ನ ತಾಯಿಯ ಕಾಯಿಲೆ ಎಂದು ವರ್ಷಗಳು ಹೋದವು. ಕಾರ್ಕಳದ ಕಡೆಯ ಒಂದು ಹೈಸ್ಕೂಲಿನಿಂದ ವಿಜ್ಞಾನದ ಟೀಚರ್ ಹುದ್ದೆಗೆ ಅವಳಿಗೆ ಸಂದರ್ಶನದ ಕಾಗದ ಬಂತು. ಆ ವರ್ಷ ದಾಟಿದರೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಇದೇ ಕೊನೆಯದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೆಲಸ ಮಾಡುತ್ತಾ ಹಳೆಯ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಿದ್ದಳು.

"ಬೆಳಗ್ಗಿನ ಬಸ್ಸಿಗೆ ಹೋಗುತ್ತೇನೆ" ಎಂದಳು. "ಕಾರಿಟ್ಟುಕೊಂಡು ಬಸ್ಸಿಗೆ ಹೋಗುವುದೆಂತದು?" ಎಂದೆ ನಾನು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಶಾಲೆಯ ಸಂಚಾಲಕರನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮ ಕಡೆ ಪದ್ಧತಿಯಲ್ಲ ಎಂದೆ. "ನನ್ನ ಅಂಕ ನೋಡಿ ಕೊಡುವುದಾದರೆ ಕೊಡಲಿ. ಕಾಯಿ ಗೀಯಿ ಎಂತ ಬೇಡ ಮಾರಾಯ್ರೇ, ನನಗೆ ನಾಚಿಕೆಯಾಗ್ತದೆ" ಎಂದಳು ಅವಳು. ನಾನು ಕೇಳಲಿಲ್ಲ. ಹಿಂದಿನ ದಿನ ಸಂಜೆ ಸುಲಿದ ತೆಂಗಿನಕಾಯಿ ಇಪ್ಪತ್ತೈದನ್ನು ಒಂದು ಗೋಣಿಗೆ ತುಂಬಿ, ಅವಳು ಒಳಗಿದ್ದಾಗ ಡಿಕ್ಕಿಯಲ್ಲಿಟ್ಟೆ. ಡಿಕ್ಕಿಯಲ್ಲಿ ಜಾಗವಿದ್ದದ್ದು ಆ ಹಲಗೆಯ ಮೇಲೆ ಮಾತ್ರ.

ಬೆಳಿಗ್ಗೆ ಹೊರಡುವಾಗ ಅವಳು ಕೇಳಿದಳು, "ಗ್ಯಾಸ್ ಉಂಟಾ? ಹಾಕಿ ತುಂಬಾ ದಿನ ಆಯ್ತಲ್ಲ." ನಾನು ಬೆರಳಿನಿಂದ ಮುಳ್ಳನ್ನು ತೋರಿಸಿದೆ. ಅದು ತುಂಬಿದೆ ಎನ್ನುತ್ತಾ ತುತ್ತತುದಿಯಲ್ಲಿ ನಿಂತಿತ್ತು. "ನೋಡು, ಇದಕ್ಕಿಂತ ಸಾಕ್ಷಿ ಬೇಕಾ?" ಎಂದೆ. ಅವಳು ಸರ್ಟಿಫಿಕೇಟುಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಉಚ್ಚಿಲ ದಾಟಿತು, ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿದೆವು, ಬೆಳ್ಮಣ್ಣು ಕಳೆಯಿತು. ಅವಳು ಮೆಲ್ಲಗೆ ಏನೋ ಸೂತ್ರ ಹೇಳಿಕೊಳ್ಳುತ್ತಿದ್ದಳು. ಮುಂದಿನ ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಮುಳ್ಳು ಆಗಲೂ ತುದಿಯಲ್ಲೇ ಇತ್ತು.

ಡಿಕ್ಕಿ ತೆರೆದೆ. ಗೋಣಿ ಎತ್ತಿ ಕೆಳಗಿಟ್ಟದ್ದೇ ತಡ, ಹಲಗೆ ನಿರಾಳವಾಗಿ ಮೇಲೆ ಬಂತು. ಸಿಲಿಂಡರ್ ಅಲ್ಲಾಡಿಸಿದೆ, ಒಳಗೆ ಏನೂ ಇಲ್ಲ. ಒಂದು ಸಿಲಿಂಡರ್ ಗ್ಯಾಸಿನ ತೂಕಕ್ಕೆ ಸರಿಯಾಗಿ ತೆಂಗಿನಕಾಯಿ ತುಂಬಿದ್ದೆ ನಾನು. ಹದಿನೈದು ವರ್ಷ ಮಕ್ಕಳಿಗೆ ಸ್ಪ್ರಿಂಗ್ ತಕ್ಕಡಿಯ ಪಾಠ ಮಾಡಿದ ಮಹಾಪುರುಷ! ವನಜಾ ಇಳಿದು ಬಂದು ಗೋಣಿಯನ್ನು ನೋಡಿದಳು, ಸಿಲಿಂಡರನ್ನು ನೋಡಿದಳು. ಅವಳಿಗೆ ಅರ್ಥವಾಗಲು ಚಿತ್ರ ಬರೆಯಬೇಕಾಗಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಸರ್ಟಿಫಿಕೇಟುಗಳ ಚೀಲ ತೆಗೆದುಕೊಂಡು ರಸ್ತೆಯ ಬದಿಗೆ ಹೋಗಿ ನಿಂತಳು.

ಬಸ್ಸು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಬಂದದ್ದು ಬಾಗಿಲಿನವರೆಗೆ ತುಂಬಿತ್ತು. ಹೇಗೋ ಹತ್ತಿ ಹೋದಳು. ನಾನು ಹತ್ತಿರದ ಅಂಗಡಿಯವರಿಗೆ ಕಾರು ನೋಡಿಕೊಳ್ಳಲು ಹೇಳಿ ಮುಂದಿನ ಬಸ್ಸಿಗೆ ಹೋದೆ. ಕಾಯಿಯನ್ನು ಬಿಟ್ಟು ಹೋದರೆ ಯಾರಾದರೂ ಕೊಂಡುಹೋದಾರು ಎಂದು ಗೋಣಿಯನ್ನು ಹೊತ್ತುಕೊಂಡೇ ಹೋದೆ. ಇಂಥ ಹೊತ್ತಿನಲ್ಲೂ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ ನೋಡಿ.

ಶಾಲೆಯ ಜಗಲಿಯ ಬೆಂಚಿನಲ್ಲಿ ಅವಳು ಒಬ್ಬಳೇ ಕೂತಿದ್ದಳು. ಸೀರೆ ಬಸ್ಸಿನ ನೂಕುನುಗ್ಗಲಿಗೆ ಮುದ್ದೆಯಾಗಿತ್ತು. ಗುಮಾಸ್ತರು ಹೊರಗೆ ಬಂದು ಹೇಳಿದರು, "ನಿಮ್ಮ ಮಿಸ್ಸೆಸ್ಸಾ? ಪಾಪ, ಕಮಿಟಿಯವರು ಎದ್ದು ಹೋದ ಮೇಲೆ ಬಂದರು. ಒಬ್ಬರನ್ನು ಆರಿಸಿ ಆಯ್ತಲ್ಲ, ಇನ್ನು ಮಾಡುವುದೆಂತ?" ಆಮೇಲೆ ಅವರ ಕಣ್ಣು ಗೋಣಿಯ ಮೇಲೆ ಬಿತ್ತು. "ಅದೆಂತ, ಕಾಯಾ? ಸಂಚಾಲಕರ ಮನೆಗಾ? ಇಲ್ಲಿ ಇಡಿ, ನಾನು ಮುಟ್ಟಿಸುತ್ತೇನೆ." ನಾನು ಇಟ್ಟೆ. ಸ್ವಾಮೀ, ನಾನು ನಿಜವಾಗಿ ಇಟ್ಟೆ! ಆ ಗೋಣಿಯನ್ನು ಎತ್ತಿಕೊಂಡು ಹಿಂದೆ ಬರುವಷ್ಟು ಮಾನವೂ ನನಗೆ ಆಗ ಉಳಿದಿರಲಿಲ್ಲ. "ಕಾಯಿಯಾದರೂ ಸೇರಿತಲ್ಲ" ಎಂದಳು ವನಜಾ.

ಕಾರನ್ನು ಮಾರಿದೆ, ಸಿಲಿಂಡರ್ ಅಡಿಗೆಮನೆಗೆ ಬಂತು. ಕಥೆ ಮಾತ್ರ ನನ್ನಲ್ಲಿ ಉಳಿಯಿತು, ಅದನ್ನು ನಾನು ಚೆನ್ನಾಗಿ ಬಳಸಿಕೊಂಡೆ. ಮದುವೆಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ನೆಂಟರೆದುರು, ತೆಂಗಿನಕಾಯಿಯಲ್ಲಿ ಓಡುವ ಕಾರಿನ ಕಥೆ ಎಂದು ಹೇಳಿ ಜನರ ಹೊಟ್ಟೆ ಹುಣ್ಣಾಗಿಸುತ್ತಿದ್ದೆ. ಹೇಳುವಾಗ ಒಂದು ಸಣ್ಣ ಬದಲಾವಣೆ ಮಾಡುತ್ತಿದ್ದೆ. ಅಂದು ನಾವು ಕಾರ್ಕಳಕ್ಕೆ ಹೊರಟದ್ದು ನೆಂಟರ ಮದುವೆಗೆ, ಊಟ ತಪ್ಪಿತು ಎಂದು ಮುಗಿಸುತ್ತಿದ್ದೆ. ಊಟ ತಪ್ಪಿದರೆ ನಗಬಹುದಲ್ಲ. ಕಳೆದ ತಿಂಗಳು ಮನೆಗೆ ಬಂದ ಮಣಿಪಾಲದ ಸ್ನೇಹಿತರಿಗೆ ಹಾಗೆಯೇ ಹೇಳಿದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಚಹಾದ ತಟ್ಟೆ ಹಿಡಿದು ಬಂದ ವನಜಾ ಲೋಟಗಳನ್ನು ಒಂದೊಂದಾಗಿ ಅವರ ಮುಂದಿಡುತ್ತಾ, "ಮದುವೆಗಲ್ಲ, ನನ್ನ ಇಂಟರ್‌ವ್ಯೂಗೆ" ಎಂದು ಹೇಳಿ ಒಳಗೆ ಹೋದಳು.

ಸ್ನೇಹಿತರು ಚಹಾ ಕುಡಿದು ಬೇಗ ಎದ್ದರು. ಈಗ ನಾನು ಆ ಕಥೆಯನ್ನು ಬಾಯಲ್ಲಿ ಹೇಳುವುದಿಲ್ಲ. ಬರೆಯುವಾಗಲೂ ಹಳೆಯ ಚಾಳಿಯಂತೆ ಮೊದಲು ಮದುವೆ ಎಂದೇ ಬರೆದಿದ್ದೆ, ಆಮೇಲೆ ಹೊಡೆದುಹಾಕಿ ಸಂದರ್ಶನ ಎಂದು ತಿದ್ದಿದೆ. ಅವಳಿಗೆ ನಾನು ಮಾಡಿಕೊಟ್ಟ ಉಪಕಾರ ಇಷ್ಟೇ, ಒಂದು ಪದ.