ಅಕ್ಕೋರ ಬಸ್ಸು

ಕೂಡಿ ಓದಿದ ಗೆಳೆಯ ಶಾಸಕನಾಗಲಿ ಎಂದು ಯಾರಾದರೂ ಹರಕೆ ಹೊತ್ತಿದ್ದರೆ ಒಂದು ಗಳಿಗೆ ತಡೆಯಿರಿ. ನನ್ನ ಮಾತು ಕೇಳಿ, ಆಮೇಲೆ ಬೇಕಾದರೆ ಕಾಯಿ ಒಡೆಯಿರಿ. ಶಾಸಕನ ಗೆಳೆಯನಿಗೆ ಆಗದ ಕೆಲಸವೇ ಇಲ್ಲ ಎಂದು ಊರೆಲ್ಲ ತಿಳಿದಿರುತ್ತದೆ. ನನ್ನ ಅನುಭವವೇ ಬೇರೆ. ಹಾದಿಯಲ್ಲಿ ಹೋಗುವವರು ಕೂಡ ಶಾಸಕನನ್ನು ನಿಲ್ಲಿಸಿ ಬಾಯಿಬಿಟ್ಟು ಕೇಳಬಹುದು; ಗೆಳೆಯನೊಬ್ಬನಿಗೆ ಮಾತ್ರ ನಾಲಿಗೆ ಏಳುವುದಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮ ಸೀಮೆಯೆಲ್ಲ ಆಗ ವಿಜಾಪುರ ಜಿಲ್ಲೆಯೇ. ನಾನು ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನನ್ನ ಹೆಂಡತಿ ಶಾಂತಾ ಗುಳೇದಗುಡ್ಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು; ಸಾಲೆ ಕಲಿಸುವ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಅವಳು ಅಲ್ಲಿ ಒಬ್ಬ ನೇಕಾರರ ಮನೆಯ ಕೋಣೆಯಲ್ಲಿ, ನಾನು ಇಲ್ಲಿ ಬಾಡಿಗೆ ಮನೆಯಲ್ಲಿ. ಶನಿವಾರ ಮುಂಜಾನೆಯ ಸಾಲೆ ಮುಗಿಸಿ, ಕಮತಗಿಯಲ್ಲಿ ಒಮ್ಮೆ, ಹುನಗುಂದದಲ್ಲಿ ಒಮ್ಮೆ ಬಸ್ಸು ಬದಲಿಸಿ, ಮುಖಕ್ಕೆಲ್ಲ ಧೂಳು ಬಳಿದುಕೊಂಡು ಅವಳು ಬರುತ್ತಿದ್ದಳು. ಸೋಮವಾರ ನಸುಕಿಗೆ ಮತ್ತೆ ಹೊರಡುತ್ತಿದ್ದಳು. ನಮ್ಮ ಸಂಸಾರವೆಂದರೆ ಇಷ್ಟೇ.

ಉಳಿದ ದಿನಗಳಲ್ಲಿ ನನ್ನ ಪಾಡು ಹೇಳಬಾರದು. ಅವಳು ಬಡಿದಿಟ್ಟು ಹೋದ ರೊಟ್ಟಿ ಬುಧವಾರದ ಹೊತ್ತಿಗೆ ಕಟಕಾಗಿರುತ್ತಿದ್ದವು. ನಾನು ಅವನ್ನು ಮುರಿಯುವ ಸಪ್ಪಳ ಕೇಳಿಯೇ ಓಣಿಯವರು ಇವತ್ತು ಯಾವ ವಾರವೆಂದು ಹೇಳುತ್ತಿದ್ದರು. ಎದುರು ಮನೆಯಲ್ಲಿ ಮಗ್ಗವಿತ್ತು. ಗಂಡ ಸೀರೆ ನೇಯುತ್ತಿದ್ದರೆ ಹೆಂಡತಿ ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದಳು. ದಿನವೆಲ್ಲ ಇಬ್ಬರೂ ಜಗಳವಾಡುತ್ತಿದ್ದರು. ಮಗ್ಗದ ಸದ್ದಿನ ಮೇಲೆ ಕೇಳಲೆಂದು ದನಿ ಏರಿಸಿ ಜಗಳವಾಡುತ್ತಿದ್ದರು. ಆ ಜಗಳ ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಜಗಳವಾಡಲಿಕ್ಕಾದರೂ ಮನುಷ್ಯನಿಗೆ ಎದುರಿಗೆ ಒಬ್ಬರು ಬೇಕಲ್ಲ!

ಹೀಗಿರುವಾಗ ಈರಣ್ಣ ಚುನಾವಣೆಯಲ್ಲಿ ಗೆದ್ದು ಶಾಸಕನಾದ. ಬಾಗಲಕೋಟೆಯ ವಸತಿನಿಲಯದಲ್ಲಿ ಅವನೂ ನಾನೂ ಒಂದೇ ಖೋಲಿಯಲ್ಲಿ ಇದ್ದವರು. ಶಾಂತಾಳ ವರ್ಗಾವಣೆ ಇನ್ನೇನು ಆದಂತೆಯೇ ಎಂದು ನಾನು ಕನಸಿನಲ್ಲೇ ಅವಳ ಟ್ರಂಕು ಇಳಿಸಿಕೊಂಡೆ. ಗೆದ್ದ ಮೊದಲ ಭಾನುವಾರ ಅವನು ನೆಟ್ಟಗೆ ನಮ್ಮ ಮನೆಗೇ ಬಂದು ಹೊರಗಿನ ಕಟ್ಟೆಯ ಮೇಲೆ ಕೂತ. ನೋಡನೋಡುತ್ತ ಮಂದಿ ನೆರೆಯಿತು.

"ನೋಡ್ರಿ," ಎಂದ ಈರಣ್ಣ, "ಮೊದಲು ಕುಡಿಯೂ ನೀರು. ಆಮ್ಯಾಲ ಸಾಲಿ, ದವಾಖಾನಿ. ಆಮ್ಯಾಲ ರಸ್ತಾ, ಬಸ್ಸು. ವರ್ಗಾವಣಿ ಮಾತು ಮಾತ್ರ ಯಾರೂ ನನ್ನ ಮುಂದ ತೆಗೀಬ್ಯಾಡ್ರಿ. ಒಬ್ಬರನ್ನ ಇಲ್ಲಿ ತರಬೇಕಂದ್ರ ಇನ್ನೊಬ್ಬರನ್ನ ಎತ್ತಿ ಒಗೀಬೇಕಾಗ್ತೈತಿ. ಆ ಪಾಪ ನನಗ ಬ್ಯಾಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳೆಯನ ಮೊದಲ ಭಾಷಣವೆಂಬ ಹುಮ್ಮಸ್ಸಿನಲ್ಲಿ ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅರ್ಥ ತಲೆಗೆ ಇಳಿದದ್ದು ಆಮೇಲೆ. ಹೊಸ್ತಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಶಾಂತಾಳ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಏಳುವಾಗ ಅವನು ಕಟ್ಟೆಯನ್ನು ಪ್ರೀತಿಯಿಂದ ತಟ್ಟಿ, "ಜಾಗಾ ಭಾಳ ಚಲೋ ಐತಿ. ಇನ್ನ ಮ್ಯಾಲ ಐತವಾರಕ್ಕೊಮ್ಮೆ ಇಲ್ಲೇ ಕುಂಡ್ರತೇನಿ. ಯಾರಿಗೆ ಏನು ತ್ರಾಸ ಐತಿ, ಇಲ್ಲೇ ಬಂದು ಹೇಳ್ರಿ," ಎಂದು ಸಾರಿಬಿಟ್ಟ. ನಮಗಿದ್ದ ಒಂದೇ ಒಂದು ಭಾನುವಾರವೂ ಸಾರ್ವಜನಿಕರ ಪಾಲಾಯಿತು.

ಅಂದಿನಿಂದ ಭಾನುವಾರ ಬೆಳಗಾದರೆ ಬಾಗಿಲ ತುಂಬ ಚಪ್ಪಲಿ. ಹುಬ್ಬಿನ ಮೇಲೆ ಕಲ್ಲಿನ ಪುಡಿ ಕೂತ ಕಲ್ಲು ಕ್ವಾರಿಯ ಆಳುಗಳು, ಸೀರೆ ವ್ಯಾಪಾರಿಗಳು, ಬೋರ್‌ವೆಲ್ ಕೇಳಿಕೊಂಡು ಬಂದ ಹಳ್ಳಿಯ ಹೆಂಗಸರು. ಶಾಂತಾ ಒಲೆಯ ಮುಂದೆ, ನಾನು ಕಟ್ಟೆಗೂ ಒಲೆಗೂ ನಡುವೆ. ವಾರವೆಲ್ಲ ಅವಳಿಗೆ ಹೇಳಬೇಕೆಂದು ಕೂಡಿಸಿಟ್ಟ ಮಾತು ಎಷ್ಟೋ ಇರುತ್ತಿದ್ದವು. ಕೊನೆಗೆ ನಾನು "ಇನ್ನೂ ಮಂದಿ ಬಂದಾರ" ಎನ್ನುತ್ತಿದ್ದೆ, ಅವಳು "ಸಕ್ಕರಿ ತೀರೇತಿ" ಎನ್ನುತ್ತಿದ್ದಳು. ಅಗಲಿ ಕೂಡಿದ ಗಂಡಹೆಂಡಿರ ಸರಸ ಇಷ್ಟಕ್ಕೇ ಮುಗಿಯುತ್ತಿತ್ತು.

ಬಂದವರಲ್ಲಿ ಹುಸೇನಸಾಬ ಎಂಬ ವಯಸ್ಸಾದವರೊಬ್ಬರಿದ್ದರು. ಕಲ್ಲಿಗೆ ಪಾಲಿಶ್ ಮಾಡುವ ಕೆಲಸ. ಅವರು ಪ್ರತಿವಾರ ಬರುತ್ತಿದ್ದರು, ಚಹ ಕುಡಿಯುತ್ತಿದ್ದರು, ಏನನ್ನೂ ಕೇಳದೆ ಎದ್ದು ಹೋಗುತ್ತಿದ್ದರು. "ನಿಮ್ಮದು ಏನು ಕೆಲಸರಿ?" ಎಂದು ನಾನೇ ಒಮ್ಮೆ ಕೇಳಿದೆ. "ಏನಿಲ್ರಿ ಮಾಸ್ತರ, ಸಾಹೇಬ್ರು ಹ್ಯಾಂಗ ಅದಾರ ನೋಡಿ ಹೋಗೂಣಂತ ಬರ್ತೇನಿ," ಎಂದರು. ಕೇಳಲಾರದವರು ನಾವು ಇಬ್ಬರಾದೆವು.

ನಾನು ಪ್ರಯತ್ನ ಮಾಡಲೇ ಇಲ್ಲ ಎನ್ನುವಂತಿಲ್ಲ. ಒಂದು ಮಧ್ಯಾಹ್ನ ಈರಣ್ಣ ಒಬ್ಬನೇ ಊಟಕ್ಕೆ ಕೂತಾಗ ಹೇಗೋ ಧೈರ್ಯ ಮಾಡಿ, "ಗುಳೇದಗುಡ್ಡ ಭಾಳ ದೂರ ಆತಲ್ಲಪಾ," ಎಂದೆ.

"ಹೌದಲೇ," ಎಂದ ಅವನು, ಬದನೆಕಾಯಿ ಎಣಗಾಯಿಗೆ ರೊಟ್ಟಿ ಅದ್ದುತ್ತ. "ದೂರ ಆದ್ರೂ ಅಲ್ಲೀ ಖಣ ಮಾತ್ರ ಭಾಳ ಚಲೋ. ಶಾಂತಾ ವೈನಿಗೆ ಹೇಳು, ನಮ್ಮ ಮನ್ಯಾಕಿಗೆ ಎರಡು ಕುಪ್ಪಸಕ್ಕ ಆಗೂವಷ್ಟು ತರ್ಲಿ."

"ಆತು," ಎಂದೆ. ಮುಂದಿನ ವಾರ ಖಣ ಬಂತು.

ಮತ್ತೊಂದು ಭಾನುವಾರ. ಮಂದಿ ಒಬ್ಬೊಬ್ಬರೇ ಮುಂದೆ ಬಂದು ಹೇಳಿಕೊಳ್ಳುತ್ತಿದ್ದರು. ಕೊನೆಯಲ್ಲಿ ನಿಂತವರನ್ನು ನೋಡಿ ನಾನು ಚಹದ ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ಒಲೆ ಆರಿಸಿ, ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಶಾಂತಾ ನಿಂತಿದ್ದಳು.

"ವೈನಿ, ನೀವ್ಯಾಕ ಇಲ್ಲಿ?" ಈರಣ್ಣ ಗಾಬರಿಯಾದ.

"ನಾನೂ ಮಂದಿನ ಅಲ್ರಿ? ವರ್ಗಾವಣಿ ಕೇಳಾಕ ಬಂದಿಲ್ಲ, ಹೆದರಬ್ಯಾಡ್ರಿ. ಗುಳೇದಗುಡ್ಡದಿಂದ ಸಂಜೀಕ ಇಳಕಲ್ಲಿಗೆ ಒಂದು ನೆಟ್ಟನ ಬಸ್ಸು ಬೇಕು. ಮುಂಜಾನೆ ಅದ ತಿರುಗಿ ಹೋಗಬೇಕು."

"ಗುಳೇದಗುಡ್ಡ ನನ್ನ ಕ್ಷೇತ್ರ ಅಲ್ಲಲ್ರಿ ವೈನಿ!"

"ಬಸ್ಸು ಬರೂದು ನಿಮ್ಮ ಕ್ಷೇತ್ರಕ್ಕಲ್ರಿ? ಅಲ್ಲಿ ನೇಕಾರರು ಖಣದ ಗಂಟು ಹೊತಗೊಂಡು ಹಾದಿ ಮ್ಯಾಲ ನಿಂತಿರ್ತಾರ. ಸೀರಿ ಮಾರಾವ್ರು ಇಲ್ಲಿ, ಖಣ ಮಾಡಾವ್ರು ಅಲ್ಲಿ. ಕುಪ್ಪಸ ಬಿಟ್ಟು ಸೀರಿ ಉಟಗೋಳಾಕ ಆಗ್ತೈತೇನ್ರಿ?"

ಮಂದಿ ನಕ್ಕರು. ಸೀರೆ ವ್ಯಾಪಾರಿಗಳು "ಖರೆ ಐತ್ರಿ, ಖರೆ ಐತಿ" ಎಂದು ಮುಂದೆ ಸರಿದರು. ಆಗ ಹುಸೇನಸಾಬರು ಎದ್ದು ನಿಂತರು. "ನನ್ನ ಮಗಳನ್ನೂ ಗುಳೇದಗುಡ್ಡಕ್ಕ ಕೊಟ್ಟೇನ್ರಿ ಸಾಹೇಬ್ರ. ಕೂಸು ಹುಟ್ಟೇತಿ. ಎರಡೆರಡು ಕಡೆ ಬಸ್ಸು ಹತ್ತಿ ಇಳಿಯೂ ತ್ರಾಣ ನನಗಿಲ್ಲ, ಇನ್ನೂ ಅದರ ಮಾರಿ ನೋಡಿಲ್ಲ."

ಈರಣ್ಣ ಅವರನ್ನೇ ನೋಡಿದ. ಆಮೇಲೆ ಶಾಂತಾಳನ್ನು, ಆಮೇಲೆ ನನ್ನನ್ನು. "ಲೇ ಮಾಸ್ತರ, ನಿನ್ನ ಮನ್ಯಾಗ ಉಂಡು ತಿಂದು ಹೋಗ್ತೇನಿ. ಒಂದಿನಾನೂ ನೀ ಬಾಯಿ ಬಿಡಲಿಲ್ಲಲ್ಲೊ!" ಎಂದ. ಬಾಯಿ ಬಿಟ್ಟಿದ್ದೆ, ಖಣ ಬಂತು ಎಂದು ನಾನು ಹೇಳಲಿಲ್ಲ.

ಅವನು ಎಲ್ಲೆಲ್ಲಿ ಅಲೆದನೋ, ಯಾರ ಬಾಗಿಲು ಕಾಯ್ದನೋ, ಸುಗ್ಗಿ ಕಳೆದ ಮೇಲೆ ಬಸ್ಸು ಮಂಜೂರಾಯಿತು. ಮೊದಲ ದಿನ ಸಂಜೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಲ್ಲಿಗೆ ಮಾಲೆ ಹಿಡಿದು ಸ್ಟ್ಯಾಂಡಿನಲ್ಲಿ ನಿಂತೆ. ಹೂವಿನಿಂದ ಸಿಂಗರಿಸಿದ ಕೆಂಪು ಬಸ್ಸು ಬಂತು. ಖಣದ ಗಂಟು ಇಳಿದವು, ನೇಕಾರರು ಇಳಿದರು. ಕೂಸನ್ನೆತ್ತಿಕೊಂಡು ಹುಸೇನಸಾಬರ ಮಗಳು ಇಳಿದಳು. ಮುದುಕರು ಮೊಮ್ಮಗನನ್ನು ಎದೆಗವಚಿಕೊಂಡರು. ಬಸ್ಸು ಖಾಲಿಯಾಯಿತು. ಶಾಂತಾ ಇಳಿಯಲಿಲ್ಲ.

ಕಂಡಕ್ಟರು ತಲೆ ಕೆರೆದುಕೊಂಡು, "ಬಸ್ಸು ತುಂಬಿ ತುಳುಕಾಕ ಹತ್ತಿತ್ರಿ. ಅಕ್ಕೋರು ಕೇಳಿದ ಬಸ್ಸಿನ್ಯಾಗ ಅಕ್ಕೋರಿಗೇ ಜಾಗಾ ಸಿಗಲಿಲ್ಲ. ನಾಳೆ ಬರ್ತೇನಂತ ಹೇಳ್ರಿ ಅಂದಾರ," ಎಂದ. ಮಲ್ಲಿಗೆಯನ್ನು ಆ ಕೂಸಿನ ತಾಯಿಯ ಕೈಗೆ ಕೊಟ್ಟು ಮನೆಗೆ ಬಂದೆ. ಮರುದಿನ ಶಾಂತಾ ಬಂದಳು, ಅದೂ ನಿಂತುಕೊಂಡೇ. ಅಂದಿನಿಂದ ಮನಸ್ಸಾದಾಗಲೆಲ್ಲ ಬರತೊಡಗಿದಳು. ಜನ ಅದಕ್ಕೆ ಅಕ್ಕೋರ ಬಸ್ಸು ಎಂದೇ ಹೆಸರಿಟ್ಟರು.

ಮುಂದೆ ಒಂದು ಚುನಾವಣೆಯಲ್ಲಿ ಈರಣ್ಣ ಸೋತ. ಕಟ್ಟೆ ಬರಿದಾಯಿತು. ಭಾನುವಾರ ಪೂರ್ತಿ ನಮ್ಮದಾಯಿತು. ಆದರೂ ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಇಬ್ಬರೂ ಒಟ್ಟಿಗೇ ಎದ್ದು ನೋಡುತ್ತಿದ್ದೆವು. ಎಂಬತ್ತರ ದಶಕದಲ್ಲಿ, ಯಾರ ಶಿಫಾರಸೂ ಇಲ್ಲದೆ, ಶಾಂತಾಳಿಗೆ ಇಳಕಲ್ಲಿಗೇ ವರ್ಗವಾಯಿತು.

ಈಗ ಇಬ್ಬರೂ ನಿವೃತ್ತರು, ಸುಖವಾಗಿರಬೇಕಲ್ಲವೇ? ಆದರೆ ಸಂಜೆಯಾದರೆ ನನ್ನ ಕಾಲು ತಾವಾಗಿ ಸ್ಟ್ಯಾಂಡಿನ ಕಡೆ ನಡೆಯುತ್ತವೆ. ಬಸ್ಸು ಬರುವವರೆಗೆ ನಿಲ್ಲುತ್ತೇನೆ, ಇಳಿಯುವವರ ಮುಖ ನೋಡುತ್ತೇನೆ. ಧೂಳು ಮೆತ್ತಿದ ಆ ಮುಖ, ಗುಂಪಿನಲ್ಲಿ ನನ್ನನ್ನು ಹುಡುಕುತ್ತಿದ್ದ ಆ ಕಣ್ಣು, ಹೆಂಡತಿ ಮನೆಯಲ್ಲೇ ಇರುವವನಿಗೆ ಎಲ್ಲಿಂದ ಸಿಗಬೇಕು?

ಮೊನ್ನೆ ಶಾಂತಾ ನನಗೆ ತಿಳಿಯದಂತೆ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಿದ್ದಳು. ಬಸ್ಸು ಬಂದು ಖಾಲಿಯಾಯಿತು. ಆಮೇಲೆ, "ಬಂದ್ಲೇನ್ರಿ?" ಎಂದಳು.

"ಇಲ್ಲ," ಎಂದೆ.

"ಬಂದ್ರ ಮನಿಗೆ ಕರಕೊಂಡು ಬರ್ರಿ. ನಾ ಒಬ್ಬಾಕಿನ ರೊಟ್ಟಿ ಬಡದು ಸಾಕಾಗೇತಿ," ಎಂದು ಹೇಳಿ, ನನ್ನನ್ನು ಅಲ್ಲೇ ಬಿಟ್ಟು ಸರಸರ ನಡೆದಳು.